ಮಾವನ ಬಾಯಿಗೆ ಬಂದ ಮೈಕ್ರೋಮೀಟರ್

ನಮ್ಮ ಸೋದರಮಾವ ಕೆಂಚವೀರಪ್ಪನಿಗೆ ಮಾತು ತೊದಲುತ್ತಿತ್ತು. ಅದರಲ್ಲೂ ‘ಮ’ ಬಂತೆಂದರೆ ತುಟಿ ಅಂಟಿಕೊಂಡು, ಕತ್ತಿನ ನರ ಉಬ್ಬಿ, ಕೇಳುವವರೇ ಬೆವರಬೇಕು. ದಾವಣಗೆರೆಯಲ್ಲಿ ಓದುವಾಗ ಮೇಷ್ಟ್ರೊಬ್ಬರು ಅವನನ್ನು ಅಣಕಿಸಿ ಇಡೀ ಕ್ಲಾಸನ್ನು ನಗಿಸುತ್ತಿದ್ದರಂತೆ. ಆ ಪುಣ್ಯಾತ್ಮರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮಾವ ತನ್ನೂರು ಸಾರಥಿಯಿಂದ ಸೈಕಲ್ ತುಳಿದು ಹರಿಹರದ ಕಾರ್ಖಾನೆಯೊಂದಕ್ಕೆ ಲೇತ್ ಕೆಲಸ ಕಲಿಯಲು ಹೋಗುತ್ತಿದ್ದ. ಕೆಲಸದಲ್ಲಿ ಎತ್ತಿದ ಕೈ. ಆದರೆ ನೌಕರಿ ಕಾಯಂ ಆಗಬೇಕಾದರೆ ಎಂಜಿನಿಯರ್ ಎದುರು ನಿಂತು ಉಪಕರಣಗಳ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಮೊದಲನೆಯದೇ ಮೈಕ್ರೋಮೀಟರ್! ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಸಾಧನ ಮಾವನ ಕೈಯಲ್ಲಿ ಸಲೀಸು, ಬಾಯಲ್ಲಿ ಮಾತ್ರ ಬೆಟ್ಟ. ಹೇಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ಮಿಸ್ತ್ರಿ ಜಮಾಲ್ ಸಾಬ್ ಊಟದ ಹೊತ್ತಿನಲ್ಲಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡ.

“ಇದು ಇಂಗ್ಲಿಷಿನೋರ ಸ್ವಂತದ ಮಾತೂ ಅಲ್ಲಪ್ಪ. ಗ್ರೀಕರದಂತೆ, ನಮ್ಮ ಹಳೇ ಸಾಹೇಬ್ರು ಹೇಳಿದ್ರು. ಮೈಕ್ರೋ ಅಂದ್ರೆ ಸಣ್ಣದು, ಮೀಟರ್ ಅಂದ್ರೆ ಅಳತೆ. ನೀ ಕಣದಾಗೆ ಜೋಳ ಅಳೀತೀಯಲ್ಲ, ಅದೂ ಅಳತೇನೇ. ಅಲ್ಲಿ ತೊದಲ್ತೀಯೇನು?”

ಮಾವ ಇಲ್ಲವೆಂದು ತಲೆಯಾಡಿಸಿದ. ಸೇರಿನಲ್ಲಿ ಜೋಳ ಅಳೆದು ರಾಗವಾಗಿ ಎಣಿಕೆ ಕೂಗುವಾಗ ಅವನ ನಾಲಿಗೆ ಎಂದೂ ತಡವರಿಸಿರಲಿಲ್ಲ.

“ಹಂಗಾದ್ರೆ ಅದೇ ರಾಗದಾಗೆ ಕೂಗು. ನಾಕೇ ತುಂಡು ಐತೆ: ಮೈ, ಕ್ರಾ, ಮಿ, ಟರ್. ‘ಕ್ರಾ’ ಮ್ಯಾಲೆ ಒತ್ತು ಹಾಕು, ಸಾಹೇಬ್ರು ಹಂಗೇ ಅಂತಾರೆ.”

ಅಂದಿನಿಂದ ದಾರಿಯುದ್ದಕ್ಕೂ, ಮನೆಯಲ್ಲೂ ಅದೇ ಜಪ. ಅಜ್ಜಿ ಉಡಚಮ್ಮ ಮಗನಿಗೆ ಗಾಳಿ ಸೋಕಿತೆಂದು ಹಣೆಗೆ ದೇವರ ಗುಡಿಯ ಅಂಗಾರ ಹಚ್ಚಿದಳು.

ಪರೀಕ್ಷೆಯ ದಿನ ಎಂಜಿನಿಯರ್ ಮೈಕ್ರೋಮೀಟರ್ ಎತ್ತಿ ತೋರಿಸಿದರು. ಮಾವ ಕಣ್ಣು ಮುಚ್ಚಿ, ಕಾರ್ಖಾನೆಗೆಲ್ಲ ಕೇಳುವಂತೆ ರಾಗ ತೆಗೆದ: “ಲಾಭಾ... ಮೈ-ಕ್ರಾ-ಮಿ-ಟರ್!”

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಜಮಾಲ್ ಸಾಬ್ ಹಣೆ ಚಚ್ಚಿಕೊಂಡ.

“ಇದ್ಯಾವ ಲಾಭ ಮಾರಾಯ?” ಎಂದರು ಎಂಜಿನಿಯರ್.

ಮಾವನಿಗೆ ರೇಗಿತು. “ನಗಬ್ಯಾಡ್ರಿ. ಮೊದಲ್ನೇ ಸೇರು ಹಾಕಾಗ ನಮ್ಮೂರಾಗೆ ಒಂದು ಅನ್ನಲ್ರಿ, ಲಾಭ ಅಂತೀವಿ. ಮನೆಗೆ ಒಳ್ಳೇದಾಗ್ಲಿ ಅಂತ. ಮರೆತು ಬಾಯಿಗೆ ಬಂತು.”

ನಗು ನಿಂತೇಹೋಯಿತು. ಇಷ್ಟುದ್ದದ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಒಂದು ‘ಮ’ವೂ ಎಡವಿರಲಿಲ್ಲ. ಜಮಾಲ್ ಸಾಬನ ಕಣ್ಣಲ್ಲಿ ನೀರು.

“ಸಾಕಪ್ಪ, ಸೋಮವಾರದಿಂದ ನೌಕರಿಗೆ ಬಾ” ಎಂದು ಎಂಜಿನಿಯರ್ ಎದ್ದರು.

ಮಾವ ಅಡ್ಡ ನಿಂತ. “ಕೂಡ್ರಿ ಸಾರ್. ಮಿಕ್ಕಿದ್ದೂ ಕೇಳ್ರಿ. ಎಲ್ಲಾನೂ ಹೇಳ್ತೀನಿ.”