ಬುಡದಲ್ಲಿದ್ದ ಹೆಸರು

ನ್ಯಾಮತಿಯ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸುನಿತಾ ಕೋಡ್ ಬರೆಯುತ್ತಾಳೆ ಅಂದರೆ, ಕೆಳಗೆ ಯೂರಿಯಾಕ್ಕೆ ಬಂದವರು ಈಗಲೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಮೊನ್ನೆಮೊನ್ನೆಯವರೆಗೆ ಅಲ್ಲಿ ಇಬ್ಬರಿದ್ದರು. ಎದುರಿನ ಮೇಜು ಬಿಳಿಚೋಡಿನ ಭೀಮೇಶನದು.

ಕುರಿ ಸಾಕುವವರಿಗೆ ಲಸಿಕೆಯ ದಿನ ನೆನಪಿಸುವ ಆ್ಯಪ್ ಅವರ ಕೆಲಸ. ಅದರ ಕೋಡಿಗೆ ಸೇರಬೇಕಾದ ಮೂರು ಬದಲಾವಣೆ, ಒಂದರ ಮೇಲೊಂದು, ಪ್ರತಿಯೊಂದರಲ್ಲೂ ಬರೆದವರ ಹೆಸರು. ಎಲ್ಲಕ್ಕಿಂತ ಅಡಿಯದು ಭೀಮೇಶನದು, ಅದಕ್ಕೆ ಅವನು ‘ಬುಡ’ ಅನ್ನುತ್ತಿದ್ದ. ಮೇಲಿನವೆರಡು ಸುನಿತಾಳವು. ದಾವಣಗೆರೆಯಲ್ಲಿ ಕೂತು ಪರಿಶೀಲಿಸುವ ಓಬಳೇಶ್, ಬುಡ ಒಪ್ಪಿಗೆಯಾಗದೆ ಮೇಲಿನವನ್ನು ಮುಟ್ಟುತ್ತಿರಲಿಲ್ಲ. ಬುಡದಲ್ಲಿ ಒಂದು ಸಾಲು ಅಲುಗಿದರೂ ಮೇಲಿನ ಎರಡನ್ನೂ ಎತ್ತಿ ಮತ್ತೆ ಕೂರಿಸಬೇಕು.

ಬುಡ ಒಪ್ಪಿಗೆಗೆ ಕಾದಿರುವಾಗಲೇ ಹೊನ್ನಾಳಿ ರಸ್ತೆಯಲ್ಲಿ ಭೀಮೇಶನ ಬೈಕಿಗೆ ಲಾರಿ ಬಡಿಯಿತು. ಇಪ್ಪತ್ತಾರು ವರ್ಷದ ಹುಡುಗ. ಮಣ್ಣು ಮಾಡಿದ ದಿನ ಅವನ ಅವ್ವ ಕೆಂಪಕ್ಕ ಸುನಿತಾಳ ಕೈ ಹಿಡಿದಳು.

"ಅವ್ನು ಮಾಡಿದ್ದು ಏನಾರ ಉಳಿದೈತೇನವ್ವ?"

"ಐತೆ ಕಣಮ್ಮ. ಅದರಾಗೆ ಅವನ ಹೆಸರೂ ಇರ್ತೈತೆ. ನಾನೇ ಬಂದು ತೋರಿಸ್ತೀನಿ."

ಆಮೇಲೆ ಓಬಳೇಶ್ ಬುಡದಲ್ಲಿ ತಪ್ಪು ಹುಡುಕಿದ. ಸುನಿತಾ ತಿದ್ದಿದಳು, ಮೇಲಿನವು ಅದಕ್ಕೆ ಹೊಂದದೆ ತಕರಾರು ತೆಗೆದವು. ಮತ್ತೆ ತಿದ್ದು, ಮತ್ತೆ ಕೂರಿಸು. ನಾಲ್ಕನೇ ಸಲಕ್ಕೆ ತಲೆ ಕೆಟ್ಟುಹೋಯಿತು. ಭೀಮೇಶನ ಬದಲಾವಣೆಯನ್ನು ಹಾಗೇ ಎತ್ತಿಕೊಳ್ಳುವ ಬದಲು ಅದರ ಸಾಲುಗಳನ್ನು ನಕಲು ಮಾಡಿ ಹೊಸದೊಂದಕ್ಕೆ ಅಂಟಿಸಿ, ಹಳೆಯದನ್ನು ಅಳಿಸಿದಳು. ಸಾಲುಗಳು ಬಂದವು, ಬರೆದವನ ಹೆಸರು ಬರಲಿಲ್ಲ. ಯಾರು ಅಂಟಿಸುತ್ತಾರೋ ಅವರ ಹೆಸರೇ ಅಲ್ಲಿ ಕೂರುತ್ತದೆ. ಅದು ಗೊತ್ತಿಲ್ಲದವಳೇನಲ್ಲ, ಅವತ್ತು ಹೊಳೆಯಲಿಲ್ಲ, ಅಷ್ಟೇ.

ಎಲ್ಲ ಒಪ್ಪಿಗೆಯಾಗಿ ಮುಖ್ಯ ಕೋಡಿಗೆ ಸೇರಿ ನಾಲ್ಕು ದಿನವಾದ ಮೇಲೆ ನೋಡಿದರೆ ಮೂರರಲ್ಲೂ ಅವಳದೇ ಹೆಸರು. ಓಬಳೇಶನಿಗೆ ಫೋನ್ ಮಾಡಿ ಅತ್ತುಬಿಟ್ಟಳು.

"ಸರ್, ಹೆಸರೊಂದು ಬದಲಾಯಿಸಾಕೆ ಆಗಲ್ವಾ?"

"ಅದರ ಮ್ಯಾಲೆ ಬೇರೆಯವರು ಆಗಲೇ ಕಟ್ಟಿಬಿಟ್ಟಾರೆ. ಈಗ ಬುಡ ಕಿತ್ರೆ ಎಲ್ಲಾ ಬೀಳ್ತೈತೆ. ಹೆಂಗೆ ಮಾಡ್ಲಿ ಹೇಳ್ರಿ?" ಅವನ ದನಿಯೂ ಒಡೆದಿತ್ತು.

ಭಾನುವಾರ ಅವಳು ಲ್ಯಾಪ್‌ಟಾಪ್ ಹಿಡಿದು ಬಿಳಿಚೋಡಿಗೆ ಹೋದಳು. ನಿಜ ಹೇಳಿ ಕಾಲು ಹಿಡಿಯಬೇಕೆಂದೇ ಹೊರಟವಳು. ಕೆಂಪಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಅವಳಿಗೆ ಕನ್ನಡವೇ ಓದಲು ಬಾರದು, ಪರದೆಯ ಮೇಲಿದ್ದದ್ದು ಇಂಗ್ಲಿಷು.

"ಎಲ್ಲೈತವ್ವ ನನ್ನ ಮಗನ ಹೆಸರು?"

ಸುನಿತಾ ನಿಜ ಹೇಳಲು ಅವಳತ್ತ ತಿರುಗಿದಳು. ಅಷ್ಟರಲ್ಲಿ ಕೆಂಪಕ್ಕನ ಬೆರಳು ತಾನಾಗಿಯೇ ಒಂದು ಕಡೆ ಹೋಗಿ ನಿಂತಿತು.

"ಇದಾ?"

ಅದು ಸುನಿತಾಳ ಹೆಸರು.

"ಹೂಂ ಅಮ್ಮ, ಅದೇ," ಅಂದಳು ಸುನಿತಾ.

ಕೆಂಪಕ್ಕ ಆ ಹೆಸರನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪಕ್ಕದ ಮನೆಯ ಕಸ್ತೂರಮ್ಮನನ್ನು ಕೂಗಿ ಕರೆದಳು, ನನ್ನ ಮಗನ ಹೆಸರು ನೋಡು ಬಾ ಅಂತ.