ಅತ್ತೆಯ ಚಾಕೊಲೇಟ್ ಹುಗ್ಗಿ

ಊಟವಾದ ಮೇಲೆ ಉಬ್ಬುವ ನನ್ನ ಹೊಟ್ಟೆ ನೋಡಿ ರಾಮದುರ್ಗದ ನಮ್ಮ ಓಣಿಯ ಹೆಂಗಸರು ಎರಡು ಸಲ ಸಿಹಿ ಸುದ್ದಿ ಹಬ್ಬಿಸಿದ್ದರು. ಎರಡೂ ಸಲ ಒಳಗಿದ್ದದ್ದು ಗೋದಿ ಹುಗ್ಗಿ. ಕೊನೆಗೆ ಬೆಳಗಾವಿಯ ಡಾಕ್ಟರೊಬ್ಬರು ಲೋ ಫಾಡ್‌ಮ್ಯಾಪ್ ಎಂಬ ಪಥ್ಯ ಬರೆದುಕೊಟ್ಟರು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಆ ಹೆಸರು ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋದಿ, ಬೇಳೆ, ಬೆಲ್ಲ, ಹಾಲು ಎಲ್ಲ ಬಂದ್. ಪುಣ್ಯಕ್ಕೆ ಜೋಳದ ರೊಟ್ಟಿ ಉಳಿಯಿತು. ಚೀಟಿಯ ಕೊನೆಗೆ, ಹಾಲಿಲ್ಲದ ಕಪ್ಪು ಚಾಕೊಲೇಟ್ ಸ್ವಲ್ಪ ತಿನ್ನಬಹುದು ಎಂದಿತ್ತು. ಬೈಲಹೊಂಗಲದ ತವರಿನಲ್ಲಿ ಚಾಕೊಲೇಟಿನ ಒಂದು ತುಂಡಿಗಾಗಿ ಅಕ್ಕನ ಜಡೆ ಹಿಡಿದು ಎಳೆದವಳು ನಾನು. ಆ ಸಾಲನ್ನಷ್ಟೇ ಬಾಯಿಪಾಠ ಮಾಡಿದೆ.

ಅತ್ತೆಗೆ ಚೀಟಿಯ ಯಾವ ಸಾಲೂ ರುಚಿಸಲಿಲ್ಲ. ನಮ್ಮಲ್ಲಿ ಸೊಸೆ ಬೇರೆ ಗಡಿಗೆ ಇಟ್ಟಳೆಂದರೆ ಮನೆ ಒಡೆಯಿತೆಂದೇ ಅರ್ಥ. ನನ್ನ ಪಲ್ಯದ ಪುಟ್ಟ ಪಾತ್ರೆ ಒಲೆ ಏರಿದ ದಿನದಿಂದ ಓಣಿಯವರಿಗೆ ನಮ್ಮ ಮೇಲೆ ವಿಪರೀತ ಕಾಳಜಿ ಹುಟ್ಟಿತು.

"ಸೊಸಿ ಬ್ಯಾರೆ ಆದಳೇನ್ರಿ?"

"ಇಲ್ಲವ್ವಾ, ಅಕಿ ಹೊಟ್ಟಿ ಸರಿ ಇಲ್ಲ," ಎನ್ನುತ್ತಿದ್ದರು ಅತ್ತೆ. ಕೇಳಿದವರು ನಂಬಿದಂತೆ ತಲೆಯಾಡಿಸಿ ಹೋಗುತ್ತಿದ್ದರು. ಐವತ್ತು ಮಂದಿಗೆ ಒಬ್ಬರೇ ನಿಂತು ಹುಗ್ಗಿ ಕುದಿಸುವ ಹೆಂಗಸು ಅತ್ತೆ. ಅವರ ಕೈಯಡುಗೆಯನ್ನು ನಾನು ಒಂದು ವರ್ಷದಿಂದ ಮುಟ್ಟಿರಲಿಲ್ಲ. ಅವರಿಗೆ ಅವಮಾನ, ನನಗೆ ಸಂಕಟ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಅವರು ನನ್ನ ಡಬ್ಬಿಯಿಂದ ಚಾಕೊಲೇಟ್ ತೆಗೆದರು.

"ಈ ಕರೀದು ತಿಂದ್ರ ನಿನಗೇನೂ ಆಗೂದಿಲ್ಲ, ಹೌದಿಲ್ಲೋ?"

"ಸ್ವಲ್ಪ ತಿಂದ್ರ ಏನೂ ಆಗೂದಿಲ್ರಿ."

ಗೋದಿಯ ಬದಲು ನುಚ್ಚಕ್ಕಿ, ಬೆಲ್ಲದ ಬದಲು ಸಕ್ಕರೆ, ಮೇಲೆ ಧಾರಾಳ ತುಪ್ಪ. ಚಾಕೊಲೇಟ್ ಕರಗಿದ ಮೇಲೆ ಮಾವ ಪಾತ್ರೆಯೊಳಗೆ ಇಣುಕಿ, "ಎರಿ ಹೊಲದ ಕರಿ ಮಣ್ಣ ಕುದಿಸಾಕತ್ತೀಯೇನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜಾಗ ಖಾಲಿ ಮಾಡಿದರು.

ಅತ್ತೆ ಎರಡು ತಾಟಿಗೆ ಬಡಿಸಿ ನನ್ನೆದುರು ಕುಳಿತರು. ಮೊದಲ ಚಮಚ ಬಾಯಿಗಿಟ್ಟೆ. ದಪ್ಪಗೆ, ತುಸು ಕಹಿಯಾಗಿ, ತುಪ್ಪದ ಜೊತೆ ನಿಧಾನಕ್ಕೆ ಗಂಟಲಿಗಿಳಿಯಿತು. ಪಥ್ಯದಲ್ಲಿ ಇಷ್ಟು ಸುಖವಿದೆಯೆಂದು ಆ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಕಣ್ಣು ಮುಚ್ಚಿ ಸವಿದು ತೆರೆಯುವಷ್ಟರಲ್ಲಿ ಅತ್ತೆಯ ಕೈ ತಂಬಿಗೆ ಎತ್ತಿ ನನ್ನ ತಾಟಿಗೆ ಬಿಸಿ ಹಾಲು ಸುರಿದಿತ್ತು. ಹಾಲು ಹಾಕದೆ ಹುಗ್ಗಿ ಬಡಿಸಿ ಆ ಕೈಗೆ ಗೊತ್ತೇ ಇರಲಿಲ್ಲ.

ಇಬ್ಬರೂ ತಾಟನ್ನೇ ನೋಡಿದೆವು. ಬಿಟ್ಟರೆ ಅವರು ಇನ್ನೆಂದೂ ನನಗಾಗಿ ಒಲೆ ಹಚ್ಚಲಾರರು ಎನಿಸಿತು. ತಿಂದರೆ ಎರಡು ದಿನ ಹಾಸಿಗೆ. ಚಮಚ ಎತ್ತಿದೆ.

"ಇಡ ಕೆಳಗ," ಎಂದರು.

ಹೆತ್ತ ಮಕ್ಕಳ ಎಂಜಲನ್ನೂ ಮುಟ್ಟದ ಅತ್ತೆ ನನ್ನ ತಾಟನ್ನು ಎಳೆದುಕೊಂಡರು. ತಮ್ಮದನ್ನು ನನ್ನೆಡೆಗೆ ಸರಿಸಿ, ನನ್ನದೇ ಚಮಚದಿಂದ ಉಣ್ಣತೊಡಗಿದರು.

"ಹಾಲ ಹಾಕಿದ್ದಕ್ಕ ಭಾಳ ಚಲೋ ಆಗೇತಿ," ಎಂದರು ತಲೆ ಎತ್ತದೆ. "ನಿನ್ನ ನಸೀಬದಾಗಿಲ್ಲ, ಬಿಡ."