ಅತ್ತೆಯ ಬಂದೂಕಿಗೆ ಆಯುಧಪೂಜೆ

ದೀಪಾವಳಿಯ ಬೆಳಗಿನಲ್ಲಿ ಪಟಾಕಿ ಸುಟ್ಟ ಹೊಗೆ ಒಳಗೆ ಬಂದರೆ ನಮ್ಮ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ. ಅಮ್ಮನಿಗೆ ಹುಚ್ಚು ಎಂದು ಮಕ್ಕಳು ನಗುತ್ತಾರೆ, ನಗಲಿ. ಅವರಿಗೆ ಅದು ಹಬ್ಬದ ವಾಸನೆ, ನನಗೆ ಭಾನುವಾರದ ವಾಸನೆ. ಸುಟ್ಟ ಮದ್ದಿನ ಆ ಘಾಟು ಮೂಗಿಗೆ ತಾಗಿದೊಡನೆ ಚೆಂಬೂರಿನ ಹಳೆಯ ಬಿಲ್ಡಿಂಗಿನಲ್ಲಿದ್ದ ನಮ್ಮ ಎರಡು ಕೋಣೆಗಳು, ಬಾಲ್ಕನಿಯಲ್ಲಿ ಒಣಗುತ್ತಿದ್ದ ಅಪ್ಪನ ರಿಫೈನರಿಯ ಖಾಕಿ ಬಟ್ಟೆ, ಅಜ್ಜಿಯ ಹಂಡೆ ನೀರಿನ ಹಬೆ, ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಅವುಗಳ ನಡುವೆ ಬೆನ್ನಿಗೆ ಉದ್ದನೆಯ ಚೀಲ ಹಾಕಿಕೊಂಡು, ಚಪ್ಪಲಿ ಹುಡುಕುತ್ತ ನಿಂತ ವಾರಿಜತ್ತೆ. ನೀವೂ ಬಿಟ್ಟು ಬಂದ ಒಂದು ಮನೆ ಇದ್ದರೆ ನನ್ನ ಈ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾರಿಜತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಕಾಲೇಜಿನಲ್ಲಿ ಸೈನಿಕ ತರಬೇತಿಯ ಕೆಡೆಟ್ ಆಗಿದ್ದಾಗ ಬಂದೂಕು ಹಿಡಿದವರು ಮತ್ತೆ ಬಿಡಲಿಲ್ಲ. ಉಡುಪಿಯ ಕಡೆಯ ನಮ್ಮ ನೆಂಟರ ಮನೆಗಳ ಹೆಣ್ಣುಮಕ್ಕಳು ಸಂಬಳ ಕೂಡಿಟ್ಟು ಬಳೆ ಮಾಡಿಸಿಕೊಂಡರೆ, ಅತ್ತೆ ಲೈಸೆನ್ಸ್ ಮಾಡಿಸಿ ಒಂದು ಹಳೆಯ ಪಾಯಿಂಟ್ ಟೂಟೂ ರೈಫಲ್ ಕೊಂಡರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಲೋಕಲ್ ರೈಲು ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಗುಡ್ಡದ ಬುಡದಲ್ಲಿದ್ದ ರೈಫಲ್ ಕ್ಲಬ್ಬಿನ ಗುರಿ ಹೊಡೆಯುವ ರೇಂಜಿಗೆ ಹೋಗುತ್ತಿದ್ದೆವು. ಲೇಡೀಸ್ ಡಬ್ಬದಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಆ ಚೀಲದಲ್ಲಿ ತಂಬೂರಿಯಿದೆ ಎಂದುಕೊಂಡು, "ಗಾಣಂ ಶಿಕ್ತಾ ಕಾ ಬಾಯಿ?" ಎಂದು ಕೇಳುತ್ತಿದ್ದಳು. ಹಾಡು ಕಲಿಯುತ್ತಿದ್ದೇನೆಂದು ಅತ್ತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಒಂದು ದಿನ ಹಾಡಿ ತೋರಿಸು ಎಂದು ಅವಳು ಹಟ ಹಿಡಿದಾಗ, ಗಂಟಲು ಕೆಟ್ಟಿದೆ ಎಂದು ಕೆಮ್ಮಿ ಪಾರಾದರು.

ಅತ್ತೆಯ ಬಲಗೈ ನಡುಗತೊಡಗಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಮೊದಲು ಕಾಫಿ ಲೋಟ ಬಟ್ಟಲಿಗೆ ತಾಗಿ ಸದ್ದಾಗುತ್ತಿತ್ತು. ಆಮೇಲೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ನಿಂತು ಹೊಡೆಯುವುದು ಆಗದ ಮಾತಾಯಿತು. ಆಗ ಅವರು ಬೆಂಚಿಗೆ ಬಂದರು. ಗಟ್ಟಿಯಾದ ಮೇಜು, ಅದರ ಮೇಲೆ ಮರಳಿನ ಚೀಲಗಳು, ಚೀಲಗಳ ಮೇಲೆ ಬಂದೂಕು. ಬೆಂಚಿನ ಮೇಲಿಟ್ಟು ಯಾರು ಬೇಕಾದರೂ ಹೊಡೆಯುತ್ತಾರೆ ಎಂದು ಕ್ಲಬ್ಬಿನ ಗಂಡಸರು ಚುಡಾಯಿಸುತ್ತಿದ್ದರು. ಅತ್ತೆ ಎದ್ದು ಕುರ್ಚಿ ಬಿಟ್ಟುಕೊಟ್ಟು, "ಬನ್ನಿ ಮಾರಾಯ್ರೆ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಕೂತವರ ಗುಂಡುಗಳು ಗುರಿಯ ಕಾಗದದ ತುಂಬ ಚದರುತ್ತಿದ್ದವು.

ಚೀಲಗಳನ್ನು ಹೊಲಿದದ್ದು ಅಜ್ಜಿ, ಅಪ್ಪನ ಹಳೆಯ ಖಾಕಿ ಪ್ಯಾಂಟಿನಿಂದ. ಮರಳು ಜುಹೂವಿನದು. ಉಪ್ಪಿದ್ದರೆ ಮಳೆಗಾಲದಲ್ಲಿ ಪಸೆ ಹಿಡಿದು ಗಟ್ಟಿಯಾಗುತ್ತದೆಂದು ಅಜ್ಜಿ ಅಕ್ಕಿ ತೊಳೆದ ಹಾಗೆ ತೊಳೆದು, ಟೆರೇಸಿನಲ್ಲಿ ಒಣಗಿಸಿ ತುಂಬಿದ್ದರು. ಮುಂದಿನ ಚೀಲ ಮರದ ಭಾಗದ ಕೆಳಗೆ ಬರಬೇಕು, ನಳಿಗೆಗೆ ತಾಗಕೂಡದು. ಹಿಂದಿನ ಚೀಲವನ್ನು ಎಡಗೈಯಲ್ಲಿ ಮೆಲ್ಲಗೆ ಹಿಸುಕಿದರೆ ಗುರಿ ಕೂದಲೆಳೆಯಷ್ಟು ಇಳಿಯುತ್ತಿತ್ತು. ಬೆಂಚಿಗೂ ಗುರಿಗೂ ನಡುವೆ ಕೋಲಿಗೆ ಕಟ್ಟಿದ ಸೀರೆಯಂಚಿನ ಪಟ್ಟಿ ಗಾಳಿಯ ದಿಕ್ಕನ್ನು ಹೇಳುತ್ತಿತ್ತು. "ಹಿಡ್ಕೊಳ್ಳುದಲ್ಲ ಶೈಲು, ಮುಟ್ಟುದು ಅಷ್ಟೇ. ಅದು ಅದರಷ್ಟಕ್ಕೆ ಕೂತ್ಕೊಂಡಿರ್ಲಿ" ಎನ್ನುತ್ತಿದ್ದರು ಅತ್ತೆ. ಅರ್ಧ ಉಸಿರು ಬಿಟ್ಟು, ಉಳಿದದ್ದನ್ನು ಹಿಡಿದು, ಕೈಯ ನಡುಕ ಒಂದು ಗಳಿಗೆ ತಣ್ಣಗಾಗುವುದನ್ನು ಕಾಯುತ್ತಿದ್ದರು. ಆ ಗಳಿಗೆ ಬಂದೇ ಬರುತ್ತಿತ್ತು. ಐದು ಗುಂಡು ಹೊಡೆದಾದ ಮೇಲೆ ಕಾಗದ ತಂದು ತೂತುಗಳ ಮೇಲೆ ನಾಲ್ಕಾಣೆ ನಾಣ್ಯ ಇಡುತ್ತಿದ್ದರು. ಐದೂ ಮುಚ್ಚಿಹೋಗಬೇಕು. ಮುಚ್ಚದ ದಿನ ಬಂದೂಕು ಮಾರಿಬಿಡುವುದು ಎಂದು ತಮಗೆ ತಾವೇ ಹಾಕಿಕೊಂಡ ಕರಾರು. ಅತ್ತೆ ಮಾತಿಗೆ ತಪ್ಪುವವರಲ್ಲ ಎಂಬುದು ಗೊತ್ತಿದ್ದ ನಾನು ಪ್ರತಿ ಭಾನುವಾರವೂ ಅವರಿಗಿಂತ ಮೊದಲೇ ತೂತುಗಳನ್ನು ಎಣಿಸುತ್ತಿದ್ದೆ.

ನಮ್ಮಲ್ಲಿ ಆಯುಧಪೂಜೆಯ ದಿನ ತುರಿಮಣೆ, ಕತ್ತಿ, ಅಪ್ಪನ ನಟ್ಟು ಬಿಗಿಸುವ ಪಾನಾ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡುವುದು ವಾಡಿಕೆ. ಆ ವರ್ಷ ಅಜ್ಜಿಗೆ ಹೊಸ ಹುರುಪು. "ತುರಿಮಣೆಗೆಲ್ಲ ಪೂಜೆ ಮಾಡ್ತೇವೆ, ನಿಜದ ಆಯುಧ ಕಪಾಟಿನೊಳಗೆ ಉಪವಾಸ ಬಿದ್ಕೊಳ್ಳುದಾ?" ಎಂದು ರೈಫಲನ್ನು ತರಿಸಿ, ಮಣೆಯ ಮೇಲೆ ಮಲಗಿಸಿ, ಹೂವೇರಿಸಿದರು. ಅತ್ತೆ ನಗುತ್ತ ಕೈಮುಗಿದರು. ಮುಂದಿನ ಭಾನುವಾರ ರೇಂಜಿನಲ್ಲಿ ಮೊದಲ ಐದು ಗುಂಡುಗಳು ಐದು ದಿಕ್ಕಿಗೆ ಹೋದವು. ಎರಡನೆಯ ಕಾಗದವೂ ಹಾಗೆಯೇ. ನಾಣ್ಯದ ಕೆಳಗೆ ಒಂದೇ ತೂತು. ಅತ್ತೆ ಎಲ್ಲವನ್ನೂ ಕಟ್ಟಿದರು. ಲೋಕಲ್ಲಿನಲ್ಲಿ ಹೊರಗೆ ನೋಡುತ್ತ, "ಸಾಕು ಮಗಾ. ನಡುಕ ಬೆಂಚಿಗೂ ಬಗ್ಗುದಿಲ್ಲ ಅಂತ ಆಯ್ತು" ಎಂದರು. ಮೀನಿನವಳು ಅವರ ಮುಖ ನೋಡಿ ಆ ದಿನ ಹಾಡಿನ ಸುದ್ದಿ ಎತ್ತಲಿಲ್ಲ.

ಮಾರುವ ಮೊದಲು ಒಮ್ಮೆ ಶುಚಿ ಮಾಡಬೇಕಲ್ಲ. ಮನೆಗೆ ಬಂದು ನಳಿಗೆಯೊಳಗೆ ಅರಿವೆ ಚೂರು ತೂರಿಸಿದರೆ, ಅದು ಜಿಡ್ಡಾಗಿ, ಹಳದಿಯಾಗಿ ಹೊರಬಂತು. ನಾನು ಮೂಸಿದೆ. ತೆಂಗಿನೆಣ್ಣೆ! ನಳಿಗೆಯ ಬಾಯಂಚಿನಲ್ಲಿ ಗಂಧ ಒಣಗಿ ಅಂಟಿಕೊಂಡಿತ್ತು. ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯದಿರಲಿ ಎಂದು ಅಜ್ಜಿ ಒಳಗೆ ಚಮಚದಲ್ಲಿ ಎಣ್ಣೆ ಹೊಯ್ದು, ಬಾಯಿಗೆ ಗಂಧದ ಬೊಟ್ಟಿಟ್ಟಿದ್ದರು. ಗುಂಡುಗಳನ್ನು ಚದರಿಸಿದ್ದು ಕೈಯ ನಡುಕವಲ್ಲ, ಈ ಎಣ್ಣೆ. ಅತ್ತೆ ಅರಿವೆಯನ್ನು ಮುಖಕ್ಕೆ ಒತ್ತಿಕೊಂಡು ನಗತೊಡಗಿದರು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಡುಗೆಮನೆಯಿಂದ ಅಜ್ಜಿ, "ಎಂತಾಯ್ತೇ?" ಎಂದು ಕೂಗಿದರು. "ಎಂತ ಇಲ್ಲಮ್ಮ, ಎಣ್ಣೆ ಒಳ್ಳೆ ಹಿಡ್ದಿದೆ" ಎಂದರು ಅತ್ತೆ. ಮರುವಾರ ನಾಣ್ಯ ಐದನ್ನೂ ಮುಚ್ಚಿತು. ಆಮೇಲಿನ ವರ್ಷಗಳಲ್ಲೂ ಅಜ್ಜಿ ಎಣ್ಣೆ ಹೊಯ್ಯುತ್ತಲೇ ಇದ್ದರು, ಅತ್ತೆ ಮರುದಿನ ಸದ್ದಿಲ್ಲದೆ ಒರೆಸುತ್ತಲೇ ಇದ್ದರು. ಆ ಮನೆಯಲ್ಲಿ ಪ್ರೀತಿ ನಡೆಯುತ್ತಿದ್ದದ್ದು ಹೀಗೆ.

ಅಜ್ಜಿ ತೀರಿಕೊಂಡ ವರ್ಷ ಹಬ್ಬಗಳಿರಲಿಲ್ಲ. ಆಯುಧಪೂಜೆಯ ದಿನ ಬಂದೂಕು ಕಪಾಟಿನಲ್ಲೇ ಉಳಿಯಿತು. ದಸರೆ ಕಳೆದ ಒಂದು ಭಾನುವಾರ, ಗಾಳಿಯೇ ಇಲ್ಲದ ಬೆಳಿಗ್ಗೆ, ಅತ್ತೆಯ ಗುಂಡುಗಳು ಚದರಿದವು. ಆಗ ನಾನು ಕಾಲೇಜಿನಲ್ಲಿದ್ದೆ, ನನಗೂ ಕ್ಲಬ್ಬಿನಲ್ಲಿ ಹೊಡೆಯಲು ಬಿಡುತ್ತಿದ್ದರು. ಅತ್ತೆ ಬೇಡವೆಂದರೂ ಕೇಳದೆ ನಾನು ನಳಿಗೆಗೆ ಅರಿವೆ ತೂರಿಸಿದೆ. ಮದ್ದಿನ ತೆಳು ಬೂದಿ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಚೂರು ತೂರಿಸಿದೆ. ಅದು ಬೆಳ್ಳಗೆ ಬಂತು. ನಾನು ಮೂರನೆಯದಕ್ಕೆ ಕೈಹಾಕಿದಾಗ ಅತ್ತೆ ನನ್ನ ಮುಂಗೈ ಹಿಡಿದು, "ಅಮ್ಮ ಇಲ್ಲ ಶೈಲು, ಯಾರು ಎಣ್ಣೆ ಹಾಕುದು?" ಎಂದರು.

ಮತ್ತೆ ಅವರು ಎದ್ದು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಕಾಗದ ಹೊಸದು ಕಟ್ಟಿಸಿದರು. ಮಾರುವ ಮಾತು ಬದಲಾಯಿತೆಂದು, ಬಂದೂಕು ಇನ್ನು ನನ್ನದೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಹಿಂದೆ ನಿಂತು ಬಲಗೈಯನ್ನು ನನ್ನ ಹೆಗಲ ಮೇಲಿಟ್ಟರು. ಅದರ ನಡುಕ ನನ್ನ ಮೈಯೊಳಗೆ ಇಳಿಯುತ್ತಿತ್ತು, ಗುರಿಯ ಕಪ್ಪು ಬೊಟ್ಟು ಅದರೊಂದಿಗೆ ಸಣ್ಣಗೆ ಅಲ್ಲಾಡುತ್ತಿತ್ತು. ನಾನು ಅರ್ಧ ಉಸಿರು ಬಿಟ್ಟು ಬೆರಳು ಮುಟ್ಟಿಸಿದೆ. ಆಗ ಅತ್ತೆ ಮೆಲ್ಲಗೆ ಕೈ ತೆಗೆದುಬಿಟ್ಟರು.

ನನ್ನ ಐದು ಗುಂಡುಗಳೂ ಒಂದೇ ತೂತಿನಲ್ಲಿ ಹೋದವು. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಅತ್ತೆ ತೀರಿಹೋಗಿ ಈಗ ಎಷ್ಟೋ ಕಾಲವಾಯಿತು, ಚೆಂಬೂರಿನ ಬಿಲ್ಡಿಂಗು ಕೆಡವಿಯಾಯಿತು. ಗುಂಡುಗಳು ಎಲ್ಲಿಗೆ ಬೇಕಾದರೂ ಹೋಗಲಿ, ಆ ಕೈ ಇನ್ನಷ್ಟು ಹೊತ್ತು ನನ್ನ ಹೆಗಲ ಮೇಲೆ ನಡುಗುತ್ತಿರಬೇಕಿತ್ತು.